ಅಕ್ಕಿಕಾಳಿಗೆ ಯಾವ ಸೀರೆ? ಕಂಚಿ, ಪೈಠಣಿ, ಇಳಕಲ್ ಮೂರನ್ನೂ ಉಟ್ಟು ನೋಡಿದೆ

ನಿಶ್ಚಯ ಮುಗಿದ ವಾರಕ್ಕೇ ನಮ್ಮ ಮನೆಯಲ್ಲಿ ಸೀರೆಯ ವಿಷಯಕ್ಕೆ ಮೂರು ಪಕ್ಷಗಳಾದವು. ಬೀಗರು ಬೆಳಗಾವಿಯ ಶಹಾಪುರದವರು, ಅವರದು ಪೈಠಣಿ. ಚಿಗವ್ವ, ವೈನಿ (ಅತ್ತಿಗೆ), ಅಕ್ಕನ ಗೆಳತಿಯರು ಎಲ್ಲ ಸೇರಿ ಕಂಚಿ. ಆಯಿ, ಅಂದರೆ ನಮ್ಮ ಅಜ್ಜಿ, ಒಬ್ಬಳೇ ಇಳಕಲ್. "ಮಗ್ಗ ಮನಿ ಮುಂದ ಇಟ್ಕೊಂಡು ಮದ್ರಾಸ್ ಕಡೆ ಸೀರಿ ಯಾಕ ಬೇಕ?" ಎನ್ನುವುದು ಅವಳ ವಾದ. ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಇಳಕಲ್ ಏನೂ ಮನೆ ಮುಂದಿಲ್ಲ, ಅಮೀನಗಡ, ಹುನಗುಂದ ದಾಟಿ ಹೋಗಬೇಕು. ಆದರೂ ಅವಳ ಮಾತು ಪೂರ್ತಿ ಸುಳ್ಳಲ್ಲ, ಅಲ್ವಾ?

ಅಕ್ಕಿಕಾಳಿನ ಸೀರೆ, ಅಂದರೆ ಮದುವೆಯಲ್ಲಿ ಅಕ್ಷತೆ ಬೀಳುವಾಗ ಉಡುವ ಸೀರೆ, ಬೀಗರ ಕಡೆಯಿಂದ. 25,000 ರೂಪಾಯಿಯ ಒಳಗೆ ಅಂತ ಮಾತಾಗಿತ್ತು, ಆಯ್ಕೆ ಮಾತ್ರ ನನ್ನದೇ ಅಂತ ಅತ್ತೆಯವರು ಹೇಳಿದ್ದರು. ಅಂಥ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಬಸ್ತಾಕ್ಕೆ, ಅಂದರೆ ಮದುವೆ ಬಟ್ಟೆಯ ಖರೀದಿಗೆ, ಹತ್ತು ಜನ ಹೆಂಗಸರು ಹೊರಟರೆ ಮದುಮಗಳ ಮಾತು ಹನ್ನೊಂದನೆಯದು. ಹಾಗಾಗಿ ಸಿಕ್ಕ ಅವಕಾಶವನ್ನು ಸರಿಯಾಗಿ ಬಳಸೋಣ ಅಂತ ಮೂರನ್ನೂ ಉಟ್ಟು ನೋಡಿದೆ.

ಉಟ್ಟು ಅಂದರೆ ಅಂಗಡಿಯ ಕನ್ನಡಿ ಮುಂದೆ ಚೂಡಿದಾರದ ಮೇಲೇ ಸುತ್ತಿಕೊಂಡು ಫೋಟೊ ತೆಗೆಯುವುದಲ್ಲ. ಅದರಿಂದ ಬಣ್ಣ ಒಪ್ಪುತ್ತದೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ನಮ್ಮ ಮದುವೆ ವೈಶಾಖದಲ್ಲಿ. ಆ ಹೊತ್ತಿಗೆ ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಕಲ್ಯಾಣ ಮಂಟಪಕ್ಕೆ ಎ.ಸಿ. ಇಲ್ಲ. ಬೆಳಗ್ಗೆ ಉಟ್ಟ ಸೀರೆ ಊಟ ಮುಗಿದು ಕೊನೆಯ ಫೋಟೊ ಮುಗಿಯುವ ತನಕ ಮೈಮೇಲೆ ಇರಬೇಕು. ಮಣೆಯ ಮೇಲೆ ಕೂರಬೇಕು, ಏಳಬೇಕು, ಸಾಲಾಗಿ ಬರುವ ಹಿರಿಯರ ಕಾಲಿಗೆಲ್ಲ ಬಗ್ಗಬೇಕು, ತಲೆಯ ಮೇಲೆ ಸೆರಗು ನಿಲ್ಲಬೇಕು. ಅದಕ್ಕೇ ವೈನಿಯ ಮದುವೆಯ ಕಂಚಿ, ಆಗಲಿರುವ ನಾದಿನಿಯ ಪೈಠಣಿ, ಅವ್ವನ ಹಳೆಯ ರೇಷ್ಮೆ ಇಳಕಲ್ ಮೂರನ್ನೂ ಕೇಳಿ ತಂದು, ಮಧ್ಯಾಹ್ನದ ಹೊತ್ತು ಫ್ಯಾನ್ ಹಚ್ಚದೆ ಉಟ್ಟುಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿ ಏನೂ ಮಾತಾಡದೆ ಹೊರಗೆ ಹೋದರು.

ಕಂಚಿ

ಕಂಚಿ ನೋಡಿದ್ದು ಬೆಳಗಾವಿಯ ದೊಡ್ಡದೊಂದು ಶೋರೂಮಿನಲ್ಲಿ. ಮದುವೆ ಸೀರೆಗೇ ಒಂದು ಮಹಡಿ. ಬಿಳಿ ಗಾದಿ, ತಲೆಯ ಮೇಲೆ ಸಾಲು ದೀಪ, ಕೂತ ಕೂಡಲೇ ಚಹಾ. ಮೊದಲ ಪ್ರಶ್ನೆ "ಬಜೆಟ್ ಎಷ್ಟು ಮೇಡಂ?" ಅಂತಲೇ. ಇಲ್ಲೊಂದು ಮಾತು: ನಿಮ್ಮ ಬಜೆಟ್ಟಿನ ಸುಮಾರು ಮೂರನೇ ಎರಡು ಭಾಗ ಮಾತ್ರ ಹೇಳಿ. ನಾವು 15,000 ಅಂದೆವು, ಅವರು ಹಾಸಿದ್ದು 18ರಿಂದ 30 ಸಾವಿರದ್ದು. 25 ಅಂದಿದ್ದರೆ 40ರದ್ದನ್ನೇ ಹಾಸುತ್ತಿದ್ದರು.

ಅಂದವಾಗಿ ಕಾಣುವುದರಲ್ಲಿ ಕಂಚಿಯ ಹತ್ತಿರ ಯಾವುದೂ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದೀಪದ ಕೆಳಗೆ ಗುಲಾಬಿ ಮೈ, ಹಸಿರು ದಡಿ, ಬಂಗಾರದ ಬುಟ್ಟಾ ಹರಡಿದಾಗ ಚಿಗವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬೇರೆ ಬಣ್ಣದ ದಡಿಯನ್ನು ಮೈಗೆ ಕೂಡಿಸಿ ನೇಯುವುದಕ್ಕೆ ಅಲ್ಲಿ ಕೊರ್ವೈ ಅನ್ನುತ್ತಾರೆ. ಕೈಮಗ್ಗದಲ್ಲಿ ಮೂರು ಲಾಳಿ ಓಡಿಸಬೇಕು, ಸಾಮಾನ್ಯವಾಗಿ ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕು. ಸೆರಗನ್ನು ಮೈಗೆ ಜೋಡಿಸುವುದಕ್ಕೆ ಪೆಟ್ನಿ ಅಂತ ಬೇರೆಯೇ ಕೆಲಸ. ಅದೆಲ್ಲ ಇರುವ ಸೀರೆಯ ಬೆಲೆ ಜಾಸ್ತಿ ಆಗುವುದು ನ್ಯಾಯವೇ. ನನ್ನ ಅನುಮಾನ ಬೇರೆ ಇತ್ತು. ನಮ್ಮ ಮುಂದೆ ಹಾಸಿದ ರಾಶಿಯಲ್ಲಿ ಅಂಥ ಕೈಮಗ್ಗದ್ದು ಎಷ್ಟು?

ಜರಿಯ ಬಗ್ಗೆ ಕೇಳಿದೆ. ಅಸಲಿ ಜರಿ ಅಂದರೆ ರೇಷ್ಮೆ ಎಳೆಯ ಮೇಲೆ ಬೆಳ್ಳಿ ತಂತಿ ಸುತ್ತಿ, ಅದಕ್ಕೆ ಬಂಗಾರದ ನೀರು ಕೊಟ್ಟದ್ದು. ಟೆಸ್ಟೆಡ್ ಜರಿಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ. ಅದಕ್ಕೂ ಕೆಳಗಿನದು ಬರೀ ಹೊಳೆಯುವ ಪ್ಲಾಸ್ಟಿಕ್ ಪಟ್ಟಿ. ಸೇಲ್ಸ್‌ಮನ್ ಮೊದಲು "ಪ್ಯೂರ್ ಮೇಡಂ" ಎಂದ. "ಬಿಲ್ಲಿನ ಮೇಲೆ ಪ್ಯೂರ್ ಜರಿ ಅಂತ ಬರೆದು ಕೊಡ್ತೀರಾ?" ಅಂದೆ. ಆಗ ಹಿರಿಯರೊಬ್ಬರು ಬಂದು, 25,000ದ ಒಳಗೆ ಪ್ಯೂರ್ ಜರಿ ನಮ್ಮಲ್ಲಿ ಬರುವುದಿಲ್ಲ, ಇದೆಲ್ಲ ಟೆಸ್ಟೆಡ್ಡೇ ಅಂತ ನೇರವಾಗಿ ಹೇಳಿದರು. ಅವರ ಮೇಲೆ ಗೌರವ ಬಂತು. ಟೆಸ್ಟೆಡ್ ಜರಿ ಮೋಸವೇನಲ್ಲ, ಚೆನ್ನಾಗಿಟ್ಟುಕೊಂಡರೆ ವರ್ಷಾನುಗಟ್ಟಲೆ ಬರುತ್ತದೆ. ಆದರೆ ಪ್ಯೂರ್ ಜರಿಯ ಬೆಲೆ ಕೊಟ್ಟು ಅದನ್ನು ಒಯ್ಯಬಾರದು.

ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ಇತ್ತು. ಅದು 2004ರಿಂದ ಇರುವ ಗುರುತು, ಕೇಂದ್ರ ರೇಷ್ಮೆ ಮಂಡಳಿಯ ಕಡೆಯದು. ಬಹಳ ಜನ ಅದನ್ನು ನೋಡಿದ ಕೂಡಲೇ ಎಲ್ಲ ಅಸಲಿ ಅಂದುಕೊಳ್ಳುತ್ತಾರೆ. ಅದು ಹೇಳುವುದು ರೇಷ್ಮೆ ನಿಜವಾದ ರೇಷ್ಮೆ ಅಂತ, ಅಷ್ಟೇ. ಜರಿ ಎಂಥದ್ದು, ಕೈಮಗ್ಗವೋ ಪವರ್‌ಲೂಮೋ, ಕಂಚಿಯಲ್ಲೇ ನೇಯ್ದದ್ದೋ ಅನ್ನುವುದಕ್ಕೆ ಆ ಚೀಟಿ ಉತ್ತರ ಕೊಡುವುದಿಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಅಂತ ಬೇರೆ ಚೀಟಿ ಇದೆ.

ಈಗ ಉಟ್ಟ ಮಾತು. ವೈನಿಯ ಕಂಚಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 900 ಗ್ರಾಂ ದಾಟಿತು. ನಿಂತರೆ ರಾಣಿ. ನಿರಿಗೆ ಒಂದು ಸಲ ಮಡಿಸಿದರೆ ಮತ್ತೆ ಮುಟ್ಟುವ ಹಾಗಿಲ್ಲ, ಅಷ್ಟು ನೆಟ್ಟಗೆ ನಿಲ್ಲುತ್ತದೆ. ಕೂತ ಮೇಲೆ ಕತೆ ಬೇರೆ. ಬಟ್ಟೆ ಬಿಗಿ, ಗಾಳಿ ಆಡುವುದಿಲ್ಲ. ಸ್ವಲ್ಪ ಹೊತ್ತಿಗೇ ಮೊಳಕಾಲ ಹಿಂದೆ ಬೆವರಿಳಿಯಿತು. ಎದ್ದಾಗ ಸೀಟಿನ ಕಡೆ ಬಿದ್ದ ಮಡಿಕೆ ಇಸ್ತ್ರಿ ಮಾಡಿದ ಹಾಗೆ ಕೂತೇಬಿಟ್ಟಿತ್ತು. ತಲೆಯ ಮೇಲೆ ಸೆರಗು ಹಾಕಿದರೆ ಜರಿಯ ಭಾರಕ್ಕೆ ಹಿಂದಕ್ಕೆ ಜಗ್ಗುತ್ತದೆ, ಪಿನ್ ಹಾಕಿದರೆ ಕೂದಲು ಜಗ್ಗುತ್ತದೆ. ಡಿಸೆಂಬರ್‌ನ ಮದುವೆಯಾಗಿದ್ದರೆ, ಅಥವಾ ನಿಂತೇ ಮುಗಿಯುವ ರಿಸೆಪ್ಷನ್ ಆಗಿದ್ದರೆ, ನಾನೂ ಕಂಚಿ ಪಕ್ಷವೇ.

ಪೈಠಣಿ

ಬೆಳಗಾವಿಯಲ್ಲಿ ಮದುವೆ ಅಂದರೆ ಪೈಠಣಿ ಬರಲೇಬೇಕು. ಕನ್ನಡದ ಮನೆಗಳೂ ಇದರಲ್ಲಿ ಹಿಂದಿಲ್ಲ. ಅತ್ತೆಯವರು ಕರೆದೊಯ್ದದ್ದು ಖಡೇ ಬಜಾರಿನ ಹಳೆಯ ಅಂಗಡಿಗೆ. "ಯಾ ವಹಿನಿ, ಬಸಾ, ಬರ್ರಿ ಬರ್ರಿ" ಅಂತ ಒಂದೇ ಉಸಿರಿನಲ್ಲಿ ಎರಡು ಭಾಷೆ. ಅಂಗಡಿ ಸಣ್ಣದು, ಆದರೆ ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿನಲ್ಲಿ ತೋರಿಸಿದರು. ದೊಡ್ಡ ಶೋರೂಮಿನಲ್ಲಿ ಇದನ್ನು ಕೇಳಿದಾಗ ಮೂರು ಮಹಡಿ ಇಳಿಯಬೇಕಾಗಿತ್ತು.

ಪೈಠಣಿಯ ಊರು ಗೋದಾವರಿ ದಂಡೆಯ ಪೈಠಣ. ಈಗ ಜಾಸ್ತಿ ನೇಯುವುದು ನಾಸಿಕ್ ಜಿಲ್ಲೆಯ ಯೇವಲಾದಲ್ಲಿ. ಅಸಲಿ ಪೈಠಣಿಯ ಸೆರಗಿನ ನವಿಲನ್ನು ಬಣ್ಣ ಬಣ್ಣದ ಸಣ್ಣ ಸಣ್ಣ ನೂಲುಂಡೆಗಳಿಂದ ಕೈಯಲ್ಲೇ ಒಂದಕ್ಕೊಂದು ಸಿಕ್ಕಿಸುತ್ತ ತುಂಬುತ್ತಾರೆ. ಅದಕ್ಕೇ ಸೆರಗನ್ನು ತಿರುವಿದರೆ ಹಿಂದೆಯೂ ಅದೇ ನವಿಲು, ಅಷ್ಟೇ ಚೊಕ್ಕ. ಮಷೀನಿನ ಪೈಠಣಿಯಲ್ಲಿ ಹಿಂದೆ ಉದ್ದುದ್ದ ಎಳೆ ತೇಲಾಡುತ್ತವೆ, ಇಲ್ಲವೇ ಕತ್ತರಿಸಿದ ತುದಿಗಳು ಮೀಸೆಯಂತೆ ನಿಂತಿರುತ್ತವೆ. ಉಂಗುರ, ಬಳೆಗೆ ಸಿಕ್ಕಿಕೊಳ್ಳುವುದು ಅವೇ. ಮದುಮಗಳ ಕೈತುಂಬ ಹಸಿರು ಬಳೆ ಇರುವುದರಿಂದ ಇದು ಸಣ್ಣ ವಿಷಯ ಅಲ್ಲ.

ಅಂಗಡಿಯವರು ಸೆಮಿ ಪೈಠಣಿಯನ್ನು, ಅಂದರೆ ಮಷೀನಿನದನ್ನು, ಸೆಮಿ ಅಂತಲೇ ಹೇಳಿ ತೋರಿಸಿದರು: 3,500ರಿಂದ 6,000. ಯೇವಲಾದ ಕೈಮಗ್ಗದ್ದು ಒಳಗಿನ ಕಪಾಟಿನಿಂದ ಬಂತು: 22,000ದಿಂದ ಮೇಲೆ. ಎರಡನ್ನೂ ಅಕ್ಕಪಕ್ಕ ಹಾಸಿ ಮುಂದಿನ ಕಡೆಯಷ್ಟೇ ನೋಡಿದರೆ, ಹತ್ತು ಅಡಿ ದೂರದಿಂದ, ನನಗಂತೂ ಫರಕು ಗೊತ್ತಾಗಲಿಲ್ಲ. ಮದುವೆಯಲ್ಲಿ ಜನ ನೋಡುವುದು ಅಷ್ಟೇ ದೂರದಿಂದ.

ಉಟ್ಟರೆ ಕಂಚಿಗಿಂತ ಹಗುರ. ಮೈ ಮೆತ್ತಗೆ, ನಿರಿಗೆ ಸುಲಭ. ತೊಂದರೆ ಎಲ್ಲ ಸೆರಗಿನದೇ. ಸೆರಗು ಪೂರ್ತಿ ಜರಿ ನೆಲದ್ದು, ತುದಿಗೆ ಭಾರ. ಹೆಗಲ ಮೇಲೆ ಮಡಿಸಿ ಪಿನ್ ಹಾಕಿದರೆ ಚಂದ. ತಲೆಯ ಮೇಲೆ ಹೊದ್ದರೆ ಜರಿ ಕಿವಿ, ಕುತ್ತಿಗೆಗೆ ತರಚುತ್ತದೆ. ನಾದಿನಿ ನಕ್ಕು ಹೇಳಿದಳು: "ವೈನಿ, ನಮ್ಮ ಕಡೆ ತಲಿ ಮ್ಯಾಲ ಶಾಲು ಬ್ಯಾರೇನ ಹೊಚ್ಚತಾರ, ಪೈಠಣಿ ಸೆರಗು ತಲಿಗೆ ಹೋಗೂದಿಲ್ಲ." ಆ ಪದ್ಧತಿಗೆ ಸರಿಯಾಗಿ ಬೆಳೆದ ಸೀರೆ ಅದು. ನಮ್ಮಲ್ಲಿ ಸೆರಗೇ ತಲೆಗೆ ಏರಬೇಕು.

ಇಳಕಲ್

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇಳಕಲ್ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ಅಲ್ಲ.

ಬಾಗಲಕೋಟೆಯ ಅಂಗಡಿಯೊಂದರಲ್ಲಿ "ಇಳಕಲ್ ಸಿಲ್ಕ್" ಅಂತ 1,800 ರೂಪಾಯಿಗೆ ಒಂದು ಸೀರೆ ಕೊಟ್ಟರು. ಅವ್ವ ಸುಮ್ನೆ ನೋಡೋಣ ಅಂತ ತಂದದ್ದು. ಮನೆಗೆ ಬಂದು ಸೆರಗಿನ ತುದಿಯ ಎರಡು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಿಗೆ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್. ಆರ್ಟ್ ಸಿಲ್ಕ್ ಆಗಿದ್ದರೂ ಇರಲಿ ಅನ್ನಬಹುದಿತ್ತು, ಅದು ಕಾಗದ ಸುಟ್ಟ ಹಾಗೆ ಉರಿಯುತ್ತದೆ. ಇಳಕಲ್ಲಿನ ಸಾಂಪ್ರದಾಯಿಕ ಸೀರೆಯಲ್ಲೇ ಆರ್ಟ್ ಸಿಲ್ಕ್ ಬಳಸುತ್ತಾರೆ, ಅದಕ್ಕೆ ಚಮಕಾ ಅನ್ನುತ್ತಾರೆ. ಹತ್ತಿ ಮೈ, ಚಮಕಾ ದಡಿ, ಚಮಕಾ ಅಥವಾ ರೇಷ್ಮೆ ಸೆರಗು, ಇದು ಆಯಿ ದಿನಾ ಉಡುವ ಸೀರೆ. ಪೂರ್ತಿ ರೇಷ್ಮೆಯದು ಬೇರೆ, ಅದು ಮದುವೆ, ಹಬ್ಬದ್ದು.

ಹಾಗಾಗಿ ಇಳಕಲ್ಲಿಗೇ ಹೋದೆವು. ಆಯಿಯೂ ಹಟ ಮಾಡಿ ಬಸ್ಸು ಹತ್ತಿದಳು. ಅಂಗಡಿ ಸಾಲಿನಲ್ಲಿ ಒಂದೆರಡು ಕಡೆ ನೋಡಿದ ಮೇಲೆ, ಅಂಗಡಿಯವರೇ ತಮಗೆ ನೇಯ್ದು ಕೊಡುವ ಮನೆಯೊಂದಕ್ಕೆ ಹುಡುಗನನ್ನು ಜೊತೆ ಮಾಡಿ ಕಳಿಸಿದರು. ತಗಡಿನ ಮಾಡು. ಒಳಗೆ ಕುಣಿ ಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುವ ಮಗ್ಗ. ಬಾಗಿಲ ಹತ್ತಿರ ಅಜ್ಜಿಯೊಬ್ಬಳು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆಯಿ ಹೋದವಳೇ ಅವಳ ಪಕ್ಕ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು. ನಮ್ಮ ಆ ದಿನದ ಚೌಕಾಸಿ ಅರ್ಧ ಅಲ್ಲೇ ಮುಗಿದಿತ್ತು ಅನ್ನಿಸುತ್ತದೆ.

ನೇಯುತ್ತಿದ್ದ ಕಾಕಾ ಮಗ್ಗ ನಿಲ್ಲಿಸಿ ಒಂದು ಸೀರೆಯ ಸೆರಗು ಮತ್ತು ಮೈ ಕೂಡುವ ಜಾಗ ತೋರಿಸಿದರು. "ಇಲ್ಲಿ ಬೆರಳಾಡಿಸಿ ನೋಡವ್ವಾ, ಗಂಟು ಸಿಗತೈತೇನು?" ಸಿಗಲಿಲ್ಲ. ತೆಳ್ಳನೆ ಏರು ಮಾತ್ರ ಬೆರಳಿಗೆ ತಾಗಿತು. ಇದಕ್ಕೇ ಕೊಂಡಿ ಅನ್ನುವುದು. ಮೈಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಬೇರೆ ತಯಾರಾಗುತ್ತದೆ, ಸೆರಗಿನ ಹಾಸು ಬೇರೆ. ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ಒಂದೊಂದಾಗಿ ಸಿಕ್ಕಿಸುತ್ತಾ ಹೋಗಬೇಕು, ಸೀರೆಯ ಅಗಲ ಪೂರ್ತಿ. ಹೀಗಾಗಿ ಒಂದು ಉದ್ದ ಹಾಸು ಹಾಕಿ ಹತ್ತು ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ. ಪ್ರತಿ ಸೀರೆಗೂ ಹಾಸು ಬೇರೆಯೇ. ಕೊಂಡಿ ಹಾಕುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ನಾವು ಹೋದಾಗ ಅವರ ಸೊಸೆ ಒಳಗಿನ ಕೋಣೆಯಲ್ಲಿ ಅದನ್ನೇ ಮಾಡುತ್ತಿದ್ದಳು. ಟಿ.ವಿ. ಹಚ್ಚಿಕೊಂಡಿದ್ದಳು, ಅದರ ಕಡೆ ನೋಡುತ್ತಲೂ ಇದ್ದಳು, ಬೆರಳು ಮಾತ್ರ ನಿಲ್ಲಲಿಲ್ಲ.

ಪವರ್‌ಲೂಮಿನ ಇಳಕಲ್ಲಿನಲ್ಲಿ ಈ ಕೊಂಡಿ ಇರುವುದಿಲ್ಲ. ಮೈಯ ಹಾಸೇ ಸೆರಗಿನ ತನಕ ಓಡುತ್ತದೆ. ಅದಕ್ಕೇ ಹಸಿರು ಸೀರೆಯಾದರೆ ಸೆರಗಿನ ಕೆಂಪಿನಲ್ಲೂ ಹಸಿರಿನ ಛಾಯೆ ಕಾಣುತ್ತದೆ. ಕೈಮಗ್ಗದ ಸೆರಗು ಅಪ್ಪಟ ಕೆಂಪು, ಅದರಲ್ಲಿ ಟೋಪ ತೆನಿ ಅನ್ನುವ ಬಿಳಿಯ ವಿನ್ಯಾಸ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ. ಜೋಳದ ತೆನೆ, ಕೋಟೆಯ ಕೊತ್ತಳ, ಬಾಚಣಿಕೆಯ ಹಲ್ಲು ಅಂತ ಅದರಲ್ಲಿ ಒಂದೊಂದಕ್ಕೆ ಒಂದೊಂದು ಹೆಸರು. ದಡಿಗೂ ಹಾಗೇ: ಗೋಮಿ, ಪರಸಪೇಟಿ, ಗಾಡಿ. ಹೆಚ್ಚು ಓಡುವುದು ಗೋಮಿ.

ದರ ನಮಗೆ ಹೇಳಿದ್ದು ಹೀಗೆ. ಹತ್ತಿ ಮೈ, ಚಮಕಾ ಸೆರಗಿನ ಕೈಮಗ್ಗದ್ದು 2,500ರ ಆಚೆ ಈಚೆ. ಹತ್ತಿ ರೇಷ್ಮೆ ಬೆರಕೆಯದು 4,000ದಿಂದ 6,000. ಪೂರ್ತಿ ರೇಷ್ಮೆ 9,000ದಿಂದ 14,000. ಅದೇ ಪೂರ್ತಿ ರೇಷ್ಮೆಯದಕ್ಕೆ ಬೆಳಗಾವಿಯಲ್ಲಿ ನಾವು ಕೇಳಿದ ದರ 18,000 ಆಗಿತ್ತು. ಅಂಗಡಿಯ ಬಾಡಿಗೆ, ದೀಪ, ಚಹಾ ಎಲ್ಲ ಸೇರಿ ಬರುತ್ತದಲ್ಲ.

ಬಣ್ಣಕ್ಕೆ ಆಯಿಯ ಮಾತೇ ಮಾತು: ಗಿರಿ ಕುಂಕುಮ. ಕುಂಕುಮದ ಕೆಂಪು, ಮದುವೆಗೆ ಮೊದಲಿನಿಂದ ನಡೆದು ಬಂದದ್ದು. ನನಗೆ ದಾಳಿಂಬೆ ಕೆಂಪು ಇನ್ನೂ ಇಷ್ಟವಾಗಿತ್ತು, ಆದರೆ ಹೊರಗೆ ಬಿಸಿಲಿಗೆ ಒಯ್ದು ಎರಡನ್ನೂ ಮುಖದ ಹತ್ತಿರ ಹಿಡಿದಾಗ ಗಿರಿ ಕುಂಕುಮವೇ ಗೆದ್ದಿತು. ನಾವು ಅಂದುಕೊಂಡ ಅಗಲದ ದಡಿ ತಯಾರಿರಲಿಲ್ಲ. ನೇಯ್ದು ಕೊಡಲು ಒಂದು ತಿಂಗಳು ಕೇಳಿದರು. 12,000ಕ್ಕೆ ಮಾತಾಗಿ ಮುಂಗಡ ಕೊಟ್ಟೆವು. ಹೇಳಿದ ದಿನಕ್ಕಿಂತ ಸ್ವಲ್ಪ ತಡವಾಯಿತು, ನಡುವೆ ಅವರ ಮನೆಯಲ್ಲೂ ಒಂದು ಮದುವೆ. ನಿಮ್ಮದು ಅವಸರದ ಮದುವೆಯಾದರೆ ತಯಾರಿರುವುದನ್ನೇ ಆರಿಸಿಕೊಳ್ಳಿ.

ಉಟ್ಟದ್ದರ ಮಾತು. ಮದುವೆಯ ದಿನ ಬೆಳಗ್ಗೆ ಏಳಕ್ಕೆ ಉಟ್ಟವಳು ಮೂರು ಗಂಟೆಯ ಮೇಲೆ ಬಿಚ್ಚಿದೆ. ಕಂಚಿಯ ಅರ್ಧದಷ್ಟೇ ಭಾರ ಅನ್ನಿಸಿತು. ರೇಷ್ಮೆಯಾದರೂ ನೇಯ್ಗೆ ಅಷ್ಟು ಬಿಗಿ ಇಲ್ಲ, ಗಾಳಿ ಆಡಿತು. ತಲೆಯ ಮೇಲೆ ಸೆರಗು ಒಂದೇ ಪಿನ್ನಿಗೆ ಕೊನೆಯ ತನಕ ನಿಂತಿತು. ಬಗ್ಗಿ ಎದ್ದಾಗ ಪ್ರತಿ ಸಲ ನಿರಿಗೆ ತಿದ್ದುವ ಕೆಲಸ ಇರಲಿಲ್ಲ. ಊಟದ ಎಲೆಯ ಮುಂದೆ ಆರಾಮಾಗಿ ಕೂತೆ. ಮದುಮಗಳು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡದ್ದನ್ನು ಬೀಗರ ಕಡೆಯವರು ಇನ್ನೂ ಹೇಳುತ್ತಾರೆ.

ಕುಂದು ಇಲ್ಲ ಅಂತಲ್ಲ. ಟೋಪ ತೆನಿಯ ಭಾಗ ಉದ್ದಕ್ಕೆ ಕಡಿಮೆ, ಒಂದು ಮೊಳದ ಆಚೆ ಈಚೆ. ಈಗಿನ ಹಾಗೆ ಸೆರಗನ್ನು ಉದ್ದಕ್ಕೆ ಇಳಿಬಿಟ್ಟರೆ ತೆನಿ ಎಲ್ಲೋ ಮೊಳಕಾಲ ಹತ್ತಿರ ಹೋಗುತ್ತದೆ, ಎದೆಯ ಮೇಲೆ ಬರೀ ಮೈ ಕಾಣುತ್ತದೆ. ಫೋಟೊದವನು "ಸೆರಗು ಕಾಣಲ್ಲ ಮೇಡಂ, ಕೈ ಮೇಲೆ ಹಿಡೀರಿ" ಅಂತ ದಿನವಿಡೀ ಕೂಗಿದ. ಸ್ಟೇಜಿನ ದೀಪಕ್ಕೆ ಕಂಚಿಯ ಹಾಗೆ ಮಿಂಚುವುದೂ ಇಲ್ಲ. "ಭಾಳ ಸಾದಾ ಆತು" ಅಂತ ಚಿಗವ್ವ ನಾಲ್ಕು ಜನರಿಗೆ ಕೇಳುವ ಹಾಗೇ ಹೇಳಿದಳು. ಆಲ್ಬಮ್ಮೇ ಮುಖ್ಯ ಅನ್ನುವವರಿಗೆ ಈ ಸೀರೆ ಬೇಸರ ತರಿಸಬಹುದು. ಇನ್ನೊಂದು, ಕೆಂಪು ಬಣ್ಣ ಬೆವರಿಗೆ ಬಿಡುತ್ತದೆ. ಒಳಲಂಗ ಕೆಂಪೇ ಇರಲಿ, ಸೀರೆಯನ್ನು ಡ್ರೈ ವಾಶ್‌ಗೇ ಕೊಡಿ.

ಕಸೂತಿ ಹಾಕಿಸುವ ಆಸೆ ಇತ್ತು. ಕೈಕಸೂತಿಯ ಗವಂತಿ, ಮುರಗಿ ಹೊಲಿಗೆಯಲ್ಲಿ ಗಂಟೇ ಇರುವುದಿಲ್ಲ, ಹಿಂದೆ ಮುಂದೆ ಎರಡೂ ಕಡೆ ಚೊಕ್ಕ. ಎಳೆ ಎಣಿಸಿ ಹಾಕುವ ಕೆಲಸ, ಮದುವೆಯೊಳಗೆ ಮುಗಿಯುವ ಹಾಗಿರಲಿಲ್ಲ. ಮಷೀನಿನ ಕಸೂತಿ ಹಾಕಿದ ಸೀರೆಗಳು ಎಲ್ಲ ಕಡೆ ತೂಗಾಡುತ್ತವೆ, ತಿರುವಿ ನೋಡಿದರೆ ಹಿಂದೆ ಬರೀ ದಾರದ ಗೋಜಲು. ಬೇಡ ಅನ್ನಿಸಿತು.

ಜಂಪರ್

ಕೈಮಗ್ಗದ ಇಳಕಲ್ ಜೊತೆಗೆ ಜಂಪರ್ (ಬ್ಲೌಸ್) ಬಟ್ಟೆ ಬರುವುದು ಕಡಿಮೆ. ನಮ್ಮ ಸೀರೆಗೂ ಇರಲಿಲ್ಲ. ಅದಕ್ಕೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಬಾಗಲಕೋಟೆಗೆ ಹತ್ತಿರದ ಊರು, ಇಳಕಲ್ ಸೀರೆಯ ಹಾಗೇ ಗುಳೇದಗುಡ್ಡದ ಖಣಕ್ಕೂ ಜಿ.ಐ. ಗುರುತು, ಅಂದರೆ ಆ ಊರಿನದೇ ಅನ್ನುವ ಭೌಗೋಳಿಕ ಗುರುತು ಇದೆ. ಉಡಿ ತುಂಬುವಾಗ ಮುಕ್ಕೋನ ಮಡಿಸಿ ಕೊಡುತ್ತಾರಲ್ಲ, ಅದೇ ಖಣ. ಒಂದು ಮಾತು ನೆನಪಿಡಿ: ಖಣದ ಪನ್ನಾ, ಅಂದರೆ ಅಗಲ, ಸಣ್ಣದು. ಒಂದು ಖಣದಲ್ಲಿ ಹಳೆಯ ಕಾಲದ ಕುಪ್ಪಸ ಆಗುತ್ತದೆ, ಈಗಿನ ಮೊಳಕೈ ತನಕದ ತೋಳಿನ ಜಂಪರ್ ಆಗುವುದಿಲ್ಲ. ಟೇಲರ್ ಅಕ್ಕನನ್ನು ಕೇಳಿಕೊಂಡು ಬಟ್ಟೆ ಜಾಸ್ತಿ ತನ್ನಿ. ಕೆಂಪು ಸೀರೆಗೆ ನಾನು ಹಸಿರು ಖಣ ತಂದೆ. ಖರ್ಚು ಬಟ್ಟೆಗಿಂತ ಹೊಲಿಗೆಗೇ ಜಾಸ್ತಿ ಆಯಿತು. ಅಂಗಡಿಯ ಕಂಚಿಗೆ ಹೊಂದುವ ವರ್ಕ್ ಜಂಪರಿಗೆ ವೈನಿ ಕೊಟ್ಟದ್ದು 7,000. ನನ್ನದು ಎಲ್ಲ ಸೇರಿ 1,600.

ರಿಸೆಪ್ಷನ್

ರಿಸೆಪ್ಷನ್ ಬೆಳಗಾವಿಯಲ್ಲಿ, ಸಂಜೆ, ಎ.ಸಿ. ಹಾಲ್. ಇಲ್ಲಿ ಲೆಹಂಗಾ ಅಂತ ಗೆಳತಿಯರ ಒತ್ತಾಯ. ಬಾಡಿಗೆಗೆ ಕೊಡುವ ಕಡೆ ಹೋಗಿ ಹಾಕಿ ನೋಡಿದೆ. ಒಂದು ದಿನಕ್ಕೆ 6,500, ಅಷ್ಟೇ ಮೊತ್ತದ ಠೇವಣಿ. ನಿಂತರೆ ಚಂದ. ಕೂತರೆ ಸುತ್ತಲೂ ಬಟ್ಟೆ ಎದ್ದು ಬುಟ್ಟಿಯೊಳಗಿನ ಕೋಳಿಯ ಹಾಗೆ ಕಂಡೆ. ಒಳಗಿನ ಅಸ್ತರಿಗೆ ಯಾರದೋ ಸೆಂಟಿನ ವಾಸನೆ ಇತ್ತು. ಕೊಳ್ಳೋಣ ಅಂದರೆ ಬೆಲೆಯ ಮೇಲೆ ತೆರಿಗೆಯೂ ಜಾಸ್ತಿ: ಸೀರೆಗೆ ಜಿ.ಎಸ್.ಟಿ. 5%, ಹೊಲಿದ ಉಡುಪು 2,500 ದಾಟಿದರೆ 2025ರ ಸೆಪ್ಟೆಂಬರ್‌ನಿಂದ 18%. ಒಂದು ಸಂಜೆಗೆ ಅಷ್ಟು ಬೇಡ ಅನ್ನಿಸಿತು.

ಆನ್‌ಲೈನಿನಲ್ಲೂ ಒಂದು ತರಿಸಿದೆ. ಪರದೆಯ ಮೇಲಿನ ಬಣ್ಣವೇ ಬೇರೆ, ಬಂದ ಬಣ್ಣವೇ ಬೇರೆ. ವಾಪಸ್ ಕಳಿಸಿದೆ, ಹಣ ಬಂತು, ಅದರ ಬಗ್ಗೆ ಹೇಳಲು ಇಷ್ಟೇ.

ಕೊನೆಗೆ ರಿಸೆಪ್ಷನ್ನಿಗೆ ಖಡೇ ಬಜಾರಿನ ಅದೇ ಅಂಗಡಿಯಿಂದ 4,800ರ ಸೆಮಿ ಪೈಠಣಿ, ನೇರಳೆ ಬಣ್ಣದ್ದು. ನಿಂತು ಮಾಡುವ ಕಾರ್ಯಕ್ರಮ, ತಲೆಗೆ ಸೆರಗಿಲ್ಲ, ತಂಪು ಹಾಲ್, ಜನ ಹತ್ತು ಅಡಿ ದೂರ. ಅಲ್ಲಿಗೆ ಅಸಲಿ ಬೇಕಾಗಿರಲಿಲ್ಲ. ಹಿಂದಿನ ಎಳೆಗಳು ಬಳೆಗೆ ಸಿಗದ ಹಾಗೆ ಸೆರಗಿನ ಒಳಬದಿಗೆ ಟೇಲರ್ ಅಕ್ಕ ತೆಳ್ಳನೆ ನೆಟ್ ಹೊಲಿದು ಕೊಟ್ಟಳು, 150 ರೂಪಾಯಿ. ಎರಡೂ ಸೀರೆ, ಎರಡೂ ಜಂಪರ್ ಸೇರಿ 20,000ದ ಒಳಗೇ ಮುಗಿಯಿತು. ಉಳಿದದ್ದರಲ್ಲಿ ಅತ್ತೆಯವರು ತಮಗೂ ಒಂದು ಹತ್ತಿ ರೇಷ್ಮೆಯ ಇಳಕಲ್ ತರಿಸಿಕೊಂಡರು. ಪೈಠಣಿ ಪಕ್ಷದಲ್ಲಿ ಹೀಗೆ ಒಂದು ಮತ ಒಡೆಯಿತು.

ಆಹೇರಿ

ಆಹೇರಿಯ, ಅಂದರೆ ಮದುವೆಯಲ್ಲಿ ನೆಂಟರಿಗೆ ಉಡುಗೊರೆ ಕೊಡುವ, ಸೀರೆಗಳಿಗೆ ಈ ಪರೀಕ್ಷೆ ಯಾವುದೂ ಮಾಡಲಿಲ್ಲ. ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗದ ಕಡೆ ಪವರ್‌ಲೂಮುಗಳು ಬಹಳ. ಸಗಟಿನಲ್ಲಿ ತೆಗೆದುಕೊಂಡರೆ 500, 600ಕ್ಕೆ ದಿನಾ ಉಡುವಂಥ ಒಳ್ಳೆಯ ಸೀರೆ ಸಿಗುತ್ತದೆ. ಬೀಗರ ಗುರುತಿನವರಲ್ಲೇ ಕಟ್ಟು ಕಟ್ಟಿಸಿದೆವು. ದರ ಎಲ್ಲಕ್ಕೂ ಒಂದೇ, ಬಣ್ಣ ಮಾತ್ರ ಬೇರೆ ಬೇರೆ. ಆದರೂ ಹಂಚುವಾಗ "ಅಕಿಗೆ ಛಲೋದು ಕೊಟ್ರಿ, ನನಗ ಇದು" ಅನ್ನುವವರು ಇದ್ದೇ ಇರುತ್ತಾರೆ. ಅವ್ವ ಅದಕ್ಕೂ ದಾರಿ ಹುಡುಕಿದ್ದಳು. ಒಂದು ಸೀರೆಯ ಬೆಲೆಯ ಚೀಟಿಯನ್ನೂ ಕೀಳದೆ ಹಾಗೇ ಕೊಟ್ಟಳು.